ಬಿಳಿಯಲ್ಲದ ಬಣ್ಣ

ಮೊನ್ನೆ ಮಗಳ ಮನೆಯಲ್ಲಿದ್ದಾಗ ಪಕ್ಕದ ಮನೆಯಾಕೆ ಒಂದು ಹಿಡಿ ನೆಲನೆಲ್ಲಿ ಸೊಪ್ಪು ಕಿತ್ತು ತಂದುಕೊಟ್ಟಳು. ಲಿವರಿಗೆ ಒಳ್ಳೆಯದಂತೆ, ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕಂತೆ. ಮಗಳು ಅದನ್ನು ತೊಳೆದು ಮಿಕ್ಸಿಗೆ ಹಾಕಿದಳು. ಆ ಹಸಿ ಒಗರು ವಾಸನೆ ಅಡುಗೆಮನೆ ದಾಟಿ ನಡುಮನೆಗೆ ಬಂದದ್ದೇ ತಡ, ನಾನು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಎದ್ದು ಬಾಗಿಲಾಚೆ ಹೋಗಿ ನಿಂತೆ. "ಏನಮ್ಮಾ, ಸೆಖೆನಾ?" ಅಂದಳು. ಹೂಂ ಅಂದೆ. ಇನ್ನೇನು ಹೇಳಲಿ? ಆ ಸೊಪ್ಪಿನ ರಸಕ್ಕೂ ಅವಳ ಅಪ್ಪನ ಜೀವಕ್ಕೂ ಒಂದು ಇಡೀ ಆಷಾಢ ಜಗಳ ನಡೆದಿತ್ತು. ಅವಳಿಗೆ ಆಗ ಇನ್ನೂ ಸರಿಯಾಗಿ ಮಾತೇ ಬರುತ್ತಿರಲಿಲ್ಲ.

ಎಂಬತ್ತಾರನೆಯ ಇಸವಿಯ ಮಾತು. ನಾನು ಕೊಳ್ಳೇಗಾಲದವಳು, ಮದುವೆಯಾಗಿ ಕೊಯಮತ್ತೂರಿನ ಪಕ್ಕದ ಅನ್ನೂರಿಗೆ ಬಂದವಳು. ಎರಡೂ ಕಡೆ ನೇಕಾರರ ಮನೆಗಳೇ, ಮನೆದೇವರು ಚೌಡಮ್ಮನೇ, ಮನೆಮಾತು ಕನ್ನಡವೇ. ಆದರೂ ಅನ್ನೂರಿನ ಕನ್ನಡಕ್ಕೆ ನನ್ನ ಕಿವಿ ಒಗ್ಗಲು ಬಹಳ ದಿನ ಹಿಡಿಯಿತು. ತಲೆತಲಾಂತರದಿಂದ ತಮಿಳಿನ ನಡುವೆ ಇದ್ದವರು. ಮಾತು ಕನ್ನಡ, ರಾಗ ತಮಿಳು. ಇಂಜೆಕ್ಷನ್ನಿಗೆ ಊಸಿ ಅನ್ನುತ್ತಿದ್ದರು, ಹೌದಿಗೆ ಆಮಾ. ಮನೆಯಲ್ಲಿ ಕನ್ನಡ ಓದಲು ಬರೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಅತ್ತೆ ನನ್ನನ್ನು ಕರೆಯುತ್ತಿದ್ದದ್ದು 'ಮೈಸೂರ್ಕಾರಿ' ಅಂತ. ಮನಸ್ಸು ಚೆನ್ನಾಗಿದ್ದಾಗ ಅದು ಮುದ್ದು, ಕೆಟ್ಟಿದ್ದಾಗ ಅದೇ ಬೈಗುಳ. ಯಾವುದು ಯಾವಾಗ ಅಂತ ಗೊತ್ತು ಮಾಡಿಕೊಳ್ಳುವುದರಲ್ಲೇ ನನ್ನ ಮೊದಲ ವರ್ಷ ಕಳೆಯಿತು.

ನಮ್ಮವರ ಹೆಸರು ಹೇಳುವುದು ಈಗಲೂ ನನ್ನ ಬಾಯಿಗೆ ಬಾರದು. ಅತ್ತೆ 'ರಂಗು' ಅನ್ನುತ್ತಿದ್ದರು, ನೀವೂ ಅದನ್ನೇ ಇಟ್ಟುಕೊಳ್ಳಿ. ತಿರುಪ್ಪೂರಿನ ಒಂದು ಜವಳಿ ಗೋಡೌನಿನಲ್ಲಿ ಅವರಿಗೆ ಬಟ್ಟೆ ನೋಡುವ ಕೆಲಸ. ಮಗ್ಗಗಳಿಂದ ಬಂದ ಥಾನುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಎಳೆ ತಪ್ಪಿದ್ದು, ಎಣ್ಣೆ ಕಲೆ, ತೂತು ಎಲ್ಲ ಹುಡುಕಿ ಬೇರೆ ಮಾಡಬೇಕು. ಆ ಕೆಲಸ ಮನುಷ್ಯನ ಸ್ವಭಾವಕ್ಕೂ ಇಳಿದುಬಿಟ್ಟಿತ್ತು. ಯಾವುದಕ್ಕೂ ಹತ್ತಿರದ ಮಾತು, ಸುಮಾರಾದ ಮಾತು ಆಗದು. ನನ್ನ ಒಂದು ಸೀರೆಗೆ ನಾನು ನೇರಳೆ ಬಣ್ಣ ಅಂದರೆ, "ಅದು ನೇರಳೆ ಇಲ್ಲ, ಬದನೆ ಹೂವು" ಅಂತ ತಿದ್ದುವರು. "ಉಡೋಳು ನಾನು ಕಣ್ರೀ" ಅಂದರೆ, "ನೀ ಉಟ್ಟೆ ಅಂತ ಬಣ್ಣ ಮಾರ್ತದಾ?" ಅನ್ನುವರು. ಮಾರುವುದು ಅಂದರೆ ಅವರ ಕನ್ನಡದಲ್ಲಿ ಬದಲಾಗುವುದು. ಇಂಥವರ ಜೊತೆ ಜಗಳ ಆಡಿ ಗೆದ್ದವರಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಅವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ನೋವಿಲ್ಲ, ಕೆಂಪಿಲ್ಲ. ಸಂಜೆ ಸಂಜೆ ಜ್ವರ, ಬೆಳಗಾಗುವಷ್ಟರಲ್ಲಿ ಬನಿಯನ್ನು ಹಿಂಡುವಷ್ಟು ಬೆವರು. ಅನ್ನೂರಿನ ಡಾಕ್ಟರು ಎರಡು ಸಲ ಮಾತ್ರೆ ಕೊಟ್ಟು ಮೂರನೆಯ ಸಲ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿ, ಲಿಂಫೋಮಾ ಅಂದರು. ನಮ್ಮನ್ನು ನೋಡುತ್ತಿದ್ದವರು ಮದ್ರಾಸಿನಿಂದ ಬಂದಿದ್ದ ಒಬ್ಬ ಡಾಕ್ಟರಮ್ಮ, ನನಗಿಂತ ಐದಾರು ವರ್ಷ ದೊಡ್ಡವರಿದ್ದಾರು. ಮೈಯಲ್ಲೆಲ್ಲ ಸಣ್ಣ ಸಣ್ಣ ದುಗ್ಧರಸದ ಗಂಟುಗಳಿರುತ್ತವೆ, ಆ ಗಂಟುಗಳ ಕ್ಯಾನ್ಸರ್ ಇದು, ಇಂಜೆಕ್ಷನ್ನಿಗೆ ಬಗ್ಗುತ್ತದೆ, ಬಗ್ಗಿಸೋಣ ಅಂದರು. ಆಕೆಯ ಮುಖದಲ್ಲಿ ಸುಳ್ಳು ಇರಲಿಲ್ಲ. ನಾನು ನಂಬಿದೆ.

ಬಗ್ಗಿತು ಕೂಡ. ಮೊದಲ ಇಂಜೆಕ್ಷನ್ ಆದ ಮೇಲೆ ಕುತ್ತಿಗೆಯ ಗಂಟು ದಿನ ದಿನಕ್ಕೆ ಕರಗಿತು. ಅತ್ತೆ ದಿನಾ ಬೆಳಿಗ್ಗೆ ಮಗನ ಕುತ್ತಿಗೆ ತಡವಿ ನೋಡುವರು, ಚೌಡಮ್ಮನಿಗೆ ಕೈ ಮುಗಿಯುವರು. ಕೂದಲು ಉದುರಿದಾಗ, "ಪಳನೀಲಿ ಮುಡಿ ಕೊಟ್ಟು ಬಂದ ಹಂಗಿದ್ದೀಯ ಬಿಡು" ಅಂತ ನಕ್ಕರು. ಮಗುವನ್ನು ಕೊಳ್ಳೇಗಾಲಕ್ಕೆ, ನಮ್ಮಮ್ಮನ ಹತ್ತಿರ ಕಳಿಸಿದ್ದೆ. ಇನ್ನೇನು ಕರೆಸಿಕೊಳ್ಳೋಣ ಅಂದುಕೊಂಡೆ.

ಎರಡನೆಯ ಇಂಜೆಕ್ಷನ್ ಆಗಿ ಸ್ವಲ್ಪ ದಿನಕ್ಕೆ ಆಡಿ ಹುಟ್ಟಿತು. ನಮ್ಮ ತವರಿನ ಲೆಕ್ಕದಲ್ಲಿ ಆಷಾಢ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಆ ತಿಂಗಳೆಲ್ಲ ಕೊಯಮತ್ತೂರನ್ನು ಸುಮ್ಮನೆ ಬಿಡುವುದಿಲ್ಲ. ರಕ್ತಪರೀಕ್ಷೆ ಮುಗಿಸಿ ಗಾಂಧಿಪುರಂ ಸ್ಟ್ಯಾಂಡಿನಲ್ಲಿ ಅನ್ನೂರು ಬಸ್ಸಿಗೆ ಕಾಯುತ್ತಿದ್ದೆವು. ಧೂಳು, ತುಂತುರು ಎರಡೂ ಒಟ್ಟಿಗೆ ಹಾರಿ ಬರುತ್ತಿತ್ತು. ಬಸ್ಸಿನ ಬೋರ್ಡು ಓದಲು ಅವರು ಮುಖ ಎತ್ತಿದರು, ಗಾಳಿಗೆ ಕಣ್ಣು ಅರಳಿಸಿದರು. ಕಣ್ಣಿನ ಬಿಳಿ ಭಾಗ ಅರಿಶಿನ ಕಲಸಿದ ನೀರಿನ ಹಾಗಿತ್ತು.

"ಏನು ಹಂಗೆ ನೋಡ್ತೀಯ?" ಅಂದರು.

"ಏನಿಲ್ಲ, ನಿಮ್ಮ ಕಣ್ಣಿಗೆ ಧೂಳು ಬಿದ್ದಿದೆ" ಅಂದೆ. ಬಂದ ಬಸ್ಸು ಹತ್ತದೆ, ಅವರ ಕೈ ಹಿಡಿದುಕೊಂಡು ವಾಪಸು ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಅವರು ಯಾಕೆ ಅಂತ ಕೇಳಲಿಲ್ಲ. ಅವರಿಗೆ ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿ ಎರಡು ದಿನವಾಗಿತ್ತು, ನನಗೆ ಹೇಳಿರಲಿಲ್ಲ, ಅಷ್ಟೇ.

ಗಂಡಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಕೊಟ್ಟರು. ಕಾಮಾಲೆ ಏರುತ್ತಾ ಹೋಯಿತು. ಅದರ ಜೊತೆ ತುರಿಕೆ. ಅಯ್ಯೋ, ಆ ತುರಿಕೆಯನ್ನು ಏನಂತ ಹೇಳಲಿ. ಅಂಗೈ, ಅಂಗಾಲು, ಬೆನ್ನು. ಉಗುರು ಕತ್ತರಿಸಿಬಿಟ್ಟರೆ ಬಾಚಣಿಗೆ ತೆಗೆದುಕೊಂಡು ಕೆರೆದುಕೊಳ್ಳುವರು. ಬಾಚಣಿಗೆ ಬಚ್ಚಿಟ್ಟರೆ ಮಂಚದ ಕಬ್ಬಿಣಕ್ಕೆ ಬೆನ್ನು ಉಜ್ಜುವರು. ಮೈಮೇಲೆಲ್ಲ ರಕ್ತದ ಗೆರೆ. ಬಿಳಿ ಬನಿಯನ್ನಿನ ಕಂಕುಳು ಹಳದಿಯಾಗಿ, ಒಗೆದರೂ ಹೋಗುತ್ತಿರಲಿಲ್ಲ. ಮಾತು ಕಡಿಮೆಯಾಯಿತು. ಬಣ್ಣ ತಿದ್ದುವುದನ್ನೂ ಬಿಟ್ಟರು, ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಡಾಕ್ಟರಮ್ಮ ಒಂದು ದಿನ ನನ್ನನ್ನು ವರಾಂಡಕ್ಕೆ ಕರೆದರು. ಆಕೆಯದು ಮದ್ರಾಸಿನ ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋಡಿಮ್ಮಾ, ಎರಡು ದಾರಿ ಇದೆ, ಯಾವುದು ಅಂತ ನನಗೇ ಗೊತ್ತಾಗ್ತಾ ಇಲ್ಲ. ಒಂದು, ನಾವು ಕೊಟ್ಟ ಇಂಜೆಕ್ಷನ್ನೇ ಲಿವರನ್ನ ಸುಟ್ಟಿರಬಹುದು. ಇನ್ನೊಂದು, ಹೊಟ್ಟೆಯೊಳಗೂ ಇಂಥ ಗಂಟುಗಳಿರ್ತಾವೆ. ಲಿವರಿನಿಂದ ಪಿತ್ತ ಕರುಳಿಗೆ ಇಳಿಯೋ ಒಂದು ಕೊಳವೆ ಇದೆ. ಅದರ ಪಕ್ಕದ ಗಂಟು ದಪ್ಪಗಾಗಿ ಕೊಳವೇನ ಹಿಸುಕ್ತಾ ಇರಬಹುದು. ಮೊದಲನೇದಾಗಿದ್ರೆ, ಇನ್ನೊಂದು ಇಂಜೆಕ್ಷನ್ ಕೊಟ್ಟರೆ ನಾನೇ ಅವರನ್ನ ಕೊಂದ ಹಾಗೆ. ಎರಡನೇದಾಗಿದ್ರೆ, ಕೊಡದೆ ಇದ್ರೆ ಕೊಂದ ಹಾಗೆ."

"ನೋಡೋಕೆ ಆಗಲ್ವಾ ಡಾಕ್ಟರಮ್ಮಾ, ಒಳಗೆ?"

"ಸ್ಕ್ಯಾನ್ ಮಾಡಿಸಿದ್ವಲ್ಲ. ಹೊಟ್ಟೆ ತುಂಬಾ ವಾಯು. ಬೇಕಾದ ಜಾಗವೇ ಕಾಣಲಿಲ್ಲ." ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಒಂದು ಗುರುತಿದೆ. ಕೊಳವೆ ಮುಚ್ಚಿಕೊಂಡರೆ ಪಿತ್ತ ಕರುಳಿಗೆ ಇಳಿಯಲ್ಲ. ಮಲಕ್ಕೆ ಬಣ್ಣ ಕೊಡೋದು ಪಿತ್ತವೇ. ಅದಿಲ್ಲದೆ ಇದ್ರೆ ಮಲ ಬಿಳಿಯಾಗುತ್ತೆ. ಅದಕ್ಕೇ ದಿನಾ ಬೆಳಿಗ್ಗೆ ಬಂದು ಕೇಳ್ತೀನಿ, ಬಿಳೀ ಹೋಗ್ತಾ ಇದೆಯಾ ಅಂತ. ದಿನಾ ಒಂದೇ ಉತ್ತರ, ಬಿಳಿಯಿಲ್ಲ ಅಂತ. ಬೂದಿ ಬಣ್ಣವಂತೆ. ನೀವು ರಾಗಿ, ಸಜ್ಜೆ ತಿನ್ನೋ ಜನ, ಹಾಗಿರುತ್ತೆ. ಅಂದ್ರೆ ಪಿತ್ತ ಇಳೀತಾ ಇದೆ, ಕೊಳವೆ ತೆರೆದೇ ಇದೆ. ಹಾಗಾಗಿ ಇಂಜೆಕ್ಷನ್ನಿನ ಮೇಲೇ ನನಗೆ ಅನುಮಾನ. ನಿಲ್ಲಿಸಿ ಕಾಯೋಣ."

ರೌಂಡ್ಸ್ ಹೊತ್ತಿಗೆ ಹೆಂಗಸರನ್ನೆಲ್ಲ ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದರು. ಆಕೆ ಏನು ಕೇಳುವರೋ, ಇವರು ಏನು ಹೇಳುವರೋ ನಾನು ಕೇಳಿದವಳಲ್ಲ. ಪಾಯಿಖಾನೆ ಇದ್ದದ್ದು ವಾರ್ಡಿನ ಕೊನೆಯಲ್ಲಿ, ಗಂಡಸರ ಕಡೆ. ಇವರೇ ಗೋಡೆ ಹಿಡಿದುಕೊಂಡು ಹೋಗಿ ಬರುತ್ತಿದ್ದರು. ಕಟ್ಟಿಕೊಂಡ ಹೆಂಡತಿಯಾದರೂ ಅಂಥದ್ದನ್ನೆಲ್ಲ ಗಂಡನ ಹತ್ತಿರ ವಿಚಾರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಬೂದಿ ಬಣ್ಣವಂತೆ ಅಂದರು, ಬೂದಿ ಬಣ್ಣ ಅಂದುಕೊಂಡೆ.

ಕಾದೆವು. ರಕ್ತ ತೆಗೆದಾಗಲೆಲ್ಲ ಹಳದಿ ಇನ್ನೂ ಏರಿದೆ ಅನ್ನುತ್ತಿದ್ದರು. ಇಂಜೆಕ್ಷನ್ ನಿಲ್ಲಿಸಿದರೆ ಇಳಿಯಬೇಕಾದದ್ದು ಇಳಿಯುತ್ತಲೇ ಇರಲಿಲ್ಲ. ಡಾಕ್ಟರಮ್ಮನ ಮುಖದಲ್ಲೂ ಮೊದಲಿನ ಕಳೆ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಅನ್ನೂರಿನಿಂದ ಬಂದರು, ಒಂದು ಕೈಯಲ್ಲಿ ನೆಲನೆಲ್ಲಿ ರಸದ ಬಾಟಲಿ, ಇನ್ನೊಂದು ಕೈಯಲ್ಲಿ ಬಟ್ಟೆ ಗಂಟು. ಮಗನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದರು.

"ಸಾಕು. ಈ ಆಸ್ಪತ್ರೆ ಸಾಕು. ಊಸಿ ಹಾಕಿ ಹಾಕಿ ನನ್ನ ಮಗನ ಈರಲೆಲ್ಲ ವೆಂದುಹೋಯ್ತು." ಈರಲು ಅಂದರೆ ಲಿವರು, ವೆಂದುಹೋಗುವುದು ಬೆಂದುಹೋಗುವುದು. "ಧಾರಾಪುರದಲ್ಲಿ ಒಬ್ಬ ವೈತ್ಯರಿದ್ದಾರೆ. ನಮ್ಮ ತಮ್ಮನಿಗೆ ಕಾಮಾಲೆ ಬಂದಾಗ ಅವರೇ ಇಳಿಸಿದ್ದು, ನಮ್ಮ ದೊಡ್ಡಕ್ಕನ ಮಗಳಿಗೂ ಅವರೇ. ಉಪ್ಪಿಲ್ಲ, ಎಣ್ಣೆಯಿಲ್ಲ, ಈ ಸೊಪ್ಪು, ಮಜ್ಜಿಗೆ. ನಾಳೆ ಕಾರು ಬತ್ತದೆ. ಕರ್ಕೊಂಡು ಹೋಗಾದು."

"ಅವರಿಗೆ ಬಂದಿದ್ದು ಬರೀ ಕಾಮಾಲೆ ಅತ್ತೆ. ಇವರಿಗೆ ಹಿಂದೆ ಇನ್ನೊಂದು ಇದೆ."

"ನಿಮ್ಮ ಡಾಕ್ಟರೇ ಊಸಿಯಿಂದ ಬಂತು ಅಂತಾಳಲ್ಲ. ಅವಳು ಹಂಗಂದಿಲ್ಲ ಅನ್ನು ನೋಡಣ."

ಅಂದಿದ್ದರಲ್ಲ. ನಾನು ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದೆ. ಆಕೆ, "ಹೇಗೂ ಇಂಜೆಕ್ಷನ್ ಕೊಡ್ತಾ ಇಲ್ಲ. ಬರೀ ಕಾಯೋದಾದ್ರೆ ಮನೇಲೇ ಕಾಯಬಹುದು. ನಾನು ತಡೆಯಲ್ಲ. ಆದ್ರೆ ಒಂದು ತಿಂಗಳಿಗೆ ವಾಪಸು ಕರ್ಕೊಂಡು ಬನ್ನಿ" ಅಂದರು. ಆ ಕೊನೆಯ ಮಾತನ್ನು ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ. ಒಂದು ತಿಂಗಳು ಇವರು ಇರುವುದಿಲ್ಲ ಅಂತ ನನಗೆ ಆ ಕ್ಷಣ ಖಾತ್ರಿಯಾಯಿತು. ಹಾಗಂತ ಇಲ್ಲೇ ಇಟ್ಟುಕೊಂಡು ಏನು ಮಾಡಿಸುವುದು? ಏನೂ ಮಾಡುತ್ತಿಲ್ಲವಲ್ಲ. ಮೆಟ್ಟಿಲ ಹತ್ತಿರ ವಾಪಸು ಬಂದೆ. ಸರಿ ಅತ್ತೆ, ನಾಳೆ ಹೋಗೋಣ ಅಂದೆ.

ಮಾರನೆಯ ಬೆಳಿಗ್ಗೆ ಅತ್ತೆ ತಂದಿದ್ದ ಬಟ್ಟೆ ಗಂಟು ಬಿಚ್ಚಿದರು. ಆಸ್ಪತ್ರೆಯ ಹಾಸಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ, ಅದು ತಾಗಿಯೇ ಮಗನ ಮೈ ಉರಿಯುತ್ತಿದೆ ಅಂತ ಅವರಿಗೆ ಅನುಮಾನ. ಮನೆಯಿಂದ ಒಂದು ತುಂಡು ಬಟ್ಟೆ ಒಗೆದು ಮೆತ್ತಗೆ ಮಾಡಿ ತಂದಿದ್ದರು. ಕಾರು ಬರುವ ತನಕವಾದರೂ ಸುಖವಾಗಿ ಮಲಗಲಿ ಅಂತ ಅದನ್ನು ಹಾಸಿ, ಮೇಲೆ ಅವರನ್ನು ಮಲಗಿಸಿದೆವು. ಹೊರಡುವ ಗಡಿಬಿಡಿಯಲ್ಲಿ ನಮ್ಮನ್ನು ಆ ದಿನ ಯಾರೂ ಹೊರಗೆ ಕಳಿಸಲಿಲ್ಲ. ಡಾಕ್ಟರಮ್ಮ ಕೊನೆಯ ಸಲ ನೋಡಿಹೋಗಲು ಬಂದರು. ಆಕೆಗೆ ಹಾಸಿಗೆ ಕಣ್ಣಿಗೆ ಬಿತ್ತು.

"ಇದೇನು, ಆಸ್ಪತ್ರೆ ಬೆಡ್‌ಶೀಟ್ ಎಲ್ಲಿ?"

"ಅದು ಇವರ ಮೈಗೆ ಆಗ್ತಾ ಇಲ್ಲ ಡಾಕ್ಟರಮ್ಮಾ. ಇದು ಮನೆಯಿಂದ ತಂದಿದ್ದು. ಗ್ರೇ ಬಟ್ಟೆ" ಅಂದೆ.

"ಗ್ರೇನಾ?" ಆಕೆ ಬಗ್ಗಿ ನೋಡಿದರು. "ಎಲ್ಲಿದೆ ಗ್ರೇ? ಇದು ಬಿಳೀ ಅಲ್ವಾ?"

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಇವರು ಒಂದು ದಿನ, "ಆ ಗ್ರೇ ಗಂಟು ತಾ" ಅಂದಾಗ ನಾನು ಬೂದು ಬಣ್ಣದ ಬಟ್ಟೆಗಾಗಿ ಇಡೀ ಕೋಣೆ ಹುಡುಕಿದ್ದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ತಿರುಪ್ಪೂರು, ಅನ್ನೂರಿನ ಜವಳಿಯವರಿಗೆ ಗ್ರೇ ಅಂದರೆ ಬೂದು ಅಲ್ಲ. ಮಗ್ಗದಿಂದ ಇಳಿದ, ಇನ್ನೂ ಬಿಳುಪು ಮಾಡದ, ಬಣ್ಣ ಹಾಕದ ಬಟ್ಟೆ. ಹತ್ತಿಯ ಸ್ವಂತ ಬಣ್ಣ, ಹಾಲಿನ ಕೆನೆಯಂಥದ್ದು, ಜೇಡಿಮಣ್ಣಿನಂಥದ್ದು. ಬಿಳಿ ಅನ್ನುವುದು ಬೇರೆ, ಅದು ಬ್ಲೀಚಿಂಗ್ ಆದ ಮೇಲೆ ಬರುವ ಹೆಸರು. ಗ್ರೇಯನ್ನು ಬಿಳಿ ಅಂದವನಿಗೆ ಆ ಊರಿನ ಯಾವ ಗೋಡೌನಿನಲ್ಲೂ ಕೆಲಸ ಸಿಗುವುದಿಲ್ಲ.

"ಬಿಳಿ ಇಲ್ಲೀಂಗ ಡಾಕ್ಟರ್" ಅಂತ ಮಲಗಿದ್ದಲ್ಲಿಂದಲೇ ಇವರು ತಮಿಳಿನಲ್ಲಿ ತಿದ್ದಿದರು. ಎಷ್ಟೋ ದಿನಗಳ ಮೇಲೆ ತಿದ್ದಿದ್ದು. "ಬಿಳೀನೇ ಬೇರೆ. ಇದು ಗ್ರೇ."

ಡಾಕ್ಟರಮ್ಮ ಹಾಸಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡವರು ಹಾಗೇ ನಿಂತರು. ಆಕೆ ಏನು ಕೇಳಲಿದ್ದಾರೆ ಅಂತ ಕೇಳುವ ಮೊದಲೇ ನನಗೆ ಗೊತ್ತಾಗಿಹೋಯಿತು.

"ದಿನಾ ಬೆಳಿಗ್ಗೆ ನಾನು ಕೇಳಿದಾಗ ಗ್ರೇ ಅಂತ ಹೇಳ್ತಾ ಇದ್ದದ್ದು, ಈ ಬಣ್ಣಕ್ಕಾ?"

ಇವರು ತಮ್ಮ ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. ಇಬ್ಬರು ಹೆಂಗಸರ ಎದುರು ಆ ಮಾತು ಬಂದದ್ದಕ್ಕೆ ನಾಚಿಕೊಂಡು ಗೋಡೆ ಕಡೆ ತಿರುಗಿ, "ಆಮಾಂಗ" ಅಂದರು. "ಇದಕ್ಕಿಂತ ಒಂಚೂರು ತೆಳು."

ಡಾಕ್ಟರಮ್ಮ ಮಂಚದ ಮೇಲೆ ಕೂತುಬಿಟ್ಟರು. ಡಾಕ್ಟರುಗಳು ರೋಗಿಯ ಮಂಚದ ಮೇಲೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. "ಒಂದು ಸಲ ತೆಗೆದಿಟ್ಟು ತೋರಿಸಿ ಅನ್ನಬೇಕಿತ್ತು ನಾನು" ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಎದ್ದು, "ಇವತ್ತು ಎಲ್ಲಿಗೂ ಹೋಗಬೇಡಿ" ಅಂದು ಬಿರಬಿರನೆ ಹೋದರು.

ಮಧ್ಯಾಹ್ನದೊಳಗೆ ಮತ್ತೆ ಸ್ಕ್ಯಾನ್ ಆಯಿತು. ಈ ಸಲ ಹೊಟ್ಟೆ ಖಾಲಿಯಿತ್ತು, ಎಲ್ಲಿ ನೋಡಬೇಕು ಅಂತಲೂ ಗೊತ್ತಿತ್ತು. ಲಿವರಿನೊಳಗಿನ ಪಿತ್ತದ ಕೊಳವೆಗಳೆಲ್ಲ ಊದಿಕೊಂಡಿದ್ದವು. ಅವು ಸೇರಿ ಹೊರಗೆ ಬರುವ ಬಾಯಿಯ ಹತ್ತಿರ ಗಂಟುಗಳ ಗೊಂಚಲು. ಕುತ್ತಿಗೆಯ ಗಂಟು ಮೊದಲೇ ಕರಗಿತ್ತು; ಒಳಗಿನದು ಹಟ ಹಿಡಿದು ಕೂತಿತ್ತು, ಇಂಜೆಕ್ಷನ್ ನಿಂತ ಮೇಲೆ ಇನ್ನೂ ಬೆಳೆದಿತ್ತು. ನಾಳೆಯಿಂದಲೇ ಹೊಟ್ಟೆಗೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಬೇಕು, ಲಿವರಿಗೆ ಭಾರವಾಗುವ ಮದ್ದು ಬಿಟ್ಟು ಉಳಿದ ಮದ್ದನ್ನು ಕೊಡಬೇಕು, ತಡ ಮಾಡಿದರೆ ಆಗದು ಅಂದರು ಡಾಕ್ಟರಮ್ಮ.

ಕೆಳಗೆ ಧಾರಾಪುರದ ಕಾರು ಬಂದು ನಿಂತಿತ್ತು.

"ನಿನ್ನೆ ಊಸಿಯಿಂದ ಬಂತು ಅಂದಳು. ಇವತ್ತು ಊಸಿ ಇಲ್ಲದ್ದಕ್ಕೆ ಬಂತು ಅಂತಾಳೆ" ಅಂದರು ಅತ್ತೆ. "ನಾಳೆ ಏನಂತಾಳೋ. ನನಗಿರೋದು ಒಬ್ಬನೇ ಮಗ. ಇವಳು ಕಲಿಯಾದಕ್ಕೆ ಕೊಡಾದಕ್ಕಾಗಲ್ಲ." ಅವರ ಮಾತಿನಲ್ಲಿ ತಪ್ಪೇನಿತ್ತು? ನಾನೇ ಅವರ ಜಾಗದಲ್ಲಿದ್ದಿದ್ದರೆ ಅದನ್ನೇ ಅನ್ನುತ್ತಿದ್ದೆ. ಆದರೂ ನಾನು ಕಾಲು ಊರಿ ನಿಂತೆ. "ಅತ್ತೆ, ಕಾರು ವಾಪಸು ಕಳಿಸಿ. ಇವರನ್ನ ನಾನು ಕಳಿಸಲ್ಲ." ಮದುವೆಯಾದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಅವ್ವಾ, ಇಲ್ಲಿ ಬಾ" ಅಂತ ಇವರು ಕರೆದರು. ಎದ್ದು ಕೂತರು, ಅದಕ್ಕೇ ಏದುಸಿರು ಬಂತು. "ನಾನು ಹೇಳೋದು ಕೇಳು. ತಪ್ಪು ಆ ಅಮ್ಮಂದೂ ಇಲ್ಲ, ನಂದೂ ಇಲ್ಲ. ಅವರು ಬಿಳೀನಾ ಅಂತ ಕೇಳಿದ್ರು. ಬಿಳಿ ಇಲ್ಲದ್ದನ್ನ ಬಿಳಿ ಅಂತ ಹೆಂಗನ್ಲಿ?"

"ಅದಿರ್ಲಿ, ಈಗೇನಾಗಿದೆ ಅದು ಹೇಳು."

"ಸಾಯ ಇಳೀತಾ ಇಲ್ಲ."

ಕೊಳ್ಳೇಗಾಲದ ನನ್ನ ಕಿವಿಗೆ 'ಸಾಯ' ಅಂತ ಕೇಳಿಸಿದೊಡನೆ ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಇವರ ಕಡೆ ಸಾಯ ಅಂದರೆ ಬಟ್ಟೆಗೆ ಹಾಕುವ ಬಣ್ಣ.

"ಮೇಲೆ ತೊಟ್ಟಿ ತುಂಬಾ ಸಾಯ ಇದೆ ಅವ್ವಾ. ಕೊಳಾಯಿ ಅಡೈಚ್ಚಿ ಕಟ್ಟಿಕೊಂಡಿದೆ. ಕೆಳಗಿಳಿಯೋ ಬಟ್ಟೆಗೆ ಒಂದು ತೊಟ್ಟು ಇಳೀತಾ ಇಲ್ಲ, ಗ್ರೇಯಾಗೇ ಈಚೆ ಬರ್ತದೆ. ಇಳೀದ ಸಾಯ ಎಲ್ಲ ಉಕ್ಕಿ ನನ್ನ ಕಣ್ಣಿಗೆ, ಮೈಗೆ ಏರ್ತದೆ. ಸೊಪ್ಪಿನ ರಸ ಕುಡಿದ್ರೆ ಕೊಳಾಯಿ ಬಿಟ್ಟುಕೊಳ್ತದಾ?"

ಅತ್ತೆ ಯೋಚನೆ ಮಾಡಿದರು. ಅವರೂ ಚಿಕ್ಕಂದಿನಿಂದ ನೂಲು, ಬಣ್ಣ, ತೊಟ್ಟಿ ನೋಡಿಕೊಂಡೇ ಬೆಳೆದವರು. "ಕೊಳಾಯಿ ಅಡೈಚ್ಚಿರೋದು ಯಾವುದು?"

"ಗಂಟು. ಕುತ್ತಿಗೇಲಿ ಇತ್ತಲ್ಲ, ಅದರ ತಂಗಿ."

"ಕುತ್ತಿಗೇದು ಊಸಿಗೇ ಕರಗಿದ್ದು."

"ಆಮಾ. ನೀನೇ ದಿನಾ ತಡವಿ ನೋಡಿದ್ದೆಯಲ್ಲ."

ಅತ್ತೆ ಬಾಟಲಿಯನ್ನು ಮಂಚದ ಕೆಳಗೆ ಇಟ್ಟರು. ಕೆಳಗಿಳಿದು ಹೋಗಿ ಕಾರಿನವನಿಗೆ ಏನೋ ಹೇಳಿ ಕಳಿಸಿ ಬಂದರು. ಬಂದವರು ನನ್ನ ಹತ್ತಿರ ನಿಂತು, ಬೇರೆ ಯಾರಿಗೂ ಕೇಳದ ಹಾಗೆ, "ಇವನಿಗೇನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ ಮೈಸೂರ್ಕಾರಿ" ಅಂದರು. ಅದು ಮುದ್ದಿನದಲ್ಲ ಅಂತ ತಿಳಿದುಕೊಳ್ಳಲು ನನಗೆ ಕಷ್ಟವಾಗಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ. ದಿನಾ ಕರೆಂಟಿಗೆ ಹೋಗಬೇಕಾದ್ದರಿಂದ ಆಸ್ಪತ್ರೆ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಮುಂದೆ ಒಂದು ತಿಣ್ಣೆ, ಹಿಂದೆ ಒಂದು ಸಣ್ಣ ಅಂಗಳ, ಅಂಗಳದ ಮೂಲೆಯಲ್ಲಿ ತಗಡಿನ ಬಾಗಿಲಿನ ಪಾಯಿಖಾನೆ. ಆಡಿ ಗಾಳಿಗೆ ಆ ತಗಡು ದಿನವಿಡೀ ಬಡಿದುಕೊಳ್ಳುತ್ತಿತ್ತು. ಕರೆಂಟ್ ಕೊಟ್ಟು ಬಂದ ದಿನ ಇವರು ಕುಡಿದ ನೀರನ್ನೂ ಕಕ್ಕುವರು. ತುರಿಕೆ ಹಾಗೇ ಇತ್ತು, ಕಣ್ಣು ಹಾಗೇ ಇತ್ತು. ಅತ್ತೆ ನನ್ನ ಜೊತೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚಿಗೆ ಆಡುತ್ತಿರಲಿಲ್ಲ. ಗಂಜಿ ಆಯ್ತಾ, ಆಯ್ತು. ನೀರು ಕಾದಿದೆಯಾ, ಕಾದಿದೆ. ಅಷ್ಟೇ. ಪ್ರತಿ ಬೆಳಿಗ್ಗೆ ಇವರು ಆ ತಗಡಿನ ಬಾಗಿಲ ಹಿಂದೆ ಹೋದಾಗ ನಾನು ಒಲೆಯ ಮುಂದೆ ಉಸಿರು ಹಿಡಿದು ಕೂರುತ್ತಿದ್ದೆ. ಹೊರಗೆ ಬಂದವರು ನನ್ನನ್ನು ನೋಡಿ ತಲೆ ಅಲ್ಲಾಡಿಸುವರು. ಅಂದರೆ ಅದೇ. ಅತ್ತೆ ಅದನ್ನು ನೋಡಿಯೂ ನೋಡದವರ ಹಾಗೆ ಜಪಮಣಿ ತಿರುಗಿಸುವರು.

ನಾನು ತಪ್ಪು ಮಾಡಿದೆನೇ ಅಂತ ಯೋಚಿಸದ ಗಳಿಗೆಯಿಲ್ಲ. ಧಾರಾಪುರಕ್ಕೆ ಹೋಗಿದ್ದರೆ ಕೊನೆಗೆ ಈ ವಾಂತಿಯಾದರೂ ಇರುತ್ತಿರಲಿಲ್ಲವಲ್ಲ ಅನ್ನಿಸುತ್ತಿತ್ತು. ಕೊಳ್ಳೇಗಾಲದ ಮಗುವಿನ ಮುಖ ಕಣ್ಣ ಮುಂದೆ ಬಂದರೆ ಅದಕ್ಕೆ ಏನು ಉತ್ತರ ಕೊಡಲಿ ಅಂತ ಅಳು ಬರುತ್ತಿತ್ತು. ಅಳಲು ಕೂಡ ಅತ್ತೆ ಸ್ನಾನಕ್ಕೆ ಹೋಗುವುದನ್ನು ಕಾಯಬೇಕಿತ್ತು.

ಆಡಿ ಮುಗಿದು ಗಾಳಿ ನಿಂತ ಮೇಲಿನ ಒಂದು ಬೆಳಿಗ್ಗೆ. ಅತ್ತೆ ಸ್ನಾನ ಮಾಡಿ, ಮಡಿಯುಟ್ಟು, ಗೂಡಿನಲ್ಲಿಟ್ಟಿದ್ದ ಚೌಡಮ್ಮನ ಪಟದ ಮುಂದೆ ದೀಪ ಹಚ್ಚುತ್ತಿದ್ದರು. ಮಡಿಯಲ್ಲಿದ್ದಾಗ ಅವರು ಹಿಂದಿನ ಅಂಗಳಕ್ಕೆ ಕಾಲಿಡುವವರಲ್ಲ. ಅಂಗಳದ ಕಡೆಯಿಂದ ಗಾಳಿ ಬೀಸಿದರೂ ಮೂಗು ಮುಚ್ಚಿಕೊಳ್ಳುವ ಹೆಂಗಸು. ನಾನು ಅಕ್ಕಿ ಆರಿಸುತ್ತಿದ್ದೆ. ತಗಡಿನ ಬಾಗಿಲು ತೆರೆಯಿತು. ಇವರು ಹೊರಗೆ ಬಂದು ಅಲ್ಲೇ ನಿಂತರು. ತಲೆ ಅಲ್ಲಾಡಿಸಲಿಲ್ಲ.

"ಇಲ್ಲಿ ಬಾ" ಅಂದರು.

ಮೊರ ಕೆಳಗಿಟ್ಟು ಓಡಿದೆ. "ಏನಾಯ್ತು? ತಲೆ ಸುತ್ತಿತಾ?"

"ಗ್ರೇ ಇಲ್ಲ" ಅಂದರು. "ನೀನೂ ಒಂದು ಸಲ ನೋಡು. ನನ್ನ ಕಣ್ಣಿಗೇ ಹಂಗೆ ಕಾಣ್ತದೋ ಏನೋ."

ನಾನು ಒಳಗೆ ಬಗ್ಗಿ ನೋಡಿದೆ. ತೆಳುವಾಗಿ, ಆದರೂ ಅನುಮಾನವಿಲ್ಲದ ಹಾಗೆ, ಹಳದಿ ಬೆರೆತ ಕಂದು. ಎಲ್ಲರ ಮನೆಯಲ್ಲೂ ಎಲ್ಲರೂ ದಿನಾ ಮೂಗು ಮುಚ್ಚಿಕೊಂಡು ನೀರು ಸುರಿದು ಮರೆಯುವ ಬಣ್ಣ. ಆ ಕಾಯಿಲೆ ಅವರನ್ನು ಪೂರ್ತಿ ಬಿಟ್ಟುಹೋಗಲಿಲ್ಲ. ಮಗಳು ದೊಡ್ಡವಳಾದ ಮೇಲೆ ಮತ್ತೆ ಬಂತು, ಆಗ ಬೇರೆಯದೇ ಕಥೆಯಾಯಿತು. ಆದರೆ ಮಗಳು ಅಪ್ಪನ ಹೆಗಲ ಮೇಲೆ ಕೂತ ವರ್ಷಗಳೆಲ್ಲ ಆ ಬೆಳಿಗ್ಗೆ ನಮಗೆ ಸಿಕ್ಕವು. ನಾನು ಆ ಬಾಗಿಲಿಗೆ ಆತುಕೊಂಡು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ನಕ್ಕೆನೋ ಅತ್ತೆನೋ, ಸರಿಯಾಗಿ ಗೊತ್ತಿಲ್ಲ. ಅಳು ಕೇಳಿ ಅತ್ತೆ ಏನೋ ಆಗಬಾರದ್ದು ಆಯಿತು ಅಂದುಕೊಂಡಿರಬೇಕು. "ರಂಗೂ" ಅಂತ ಕೂಗುತ್ತಾ ಎದ್ದು ಬಂದರು.

"ಏನೂ ಇಲ್ಲ ಅವ್ವಾ. ಕೊಳಾಯಿ ಬಿಟ್ಟುಕೊಂಡಿದೆ" ಅಂದರು ಇವರು.

ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಕಣ್ಣೊರೆಸಿಕೊಂಡು, ಹೊಲಸು ಅವರ ಕಣ್ಣಿಗೆ ಬೀಳುವ ಮೊದಲು ನೀರು ಹಾಕಿಬಿಡೋಣ ಅಂತ ಬಕೆಟ್ಟು ಎತ್ತಿದೆ. ಅವರು ಮಡಿ ಸೀರೆಯ ನೆರಿಗೆ ಎತ್ತಿ ಹಿಡಿದು ಅಂಗಳಕ್ಕೆ ಇಳಿದರು.

"ಏ ಮೈಸೂರ್ಕಾರಿ, ಇರು" ಅಂದರು. "ನೀರು ಹುಯ್ಯಬ್ಯಾಡ. ನಾನೂ ನೋಡಬೇಕು."